ಸ್ಲೈ ಸ್ಟೋನ್ ಎಲ್‌ಪಿ ಮಬ್ಬಾಗಿ ಕೇಳುತ್ತಿದೆ: ರೆಕಾರ್ಡ್ ಕೆಟ್ಟಿದೆಯಾ, ಆಲ್ಬಮ್ಮೇ ಹಾಗಿದೆಯಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ದಾವಣಗೆರೆ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಈಚೆಗೆ ಎಲ್‌ಪಿ ಕೊಳ್ಳುವ ಹುಚ್ಚು ಹತ್ತಿದೆ. ‘ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್’ ಬ್ಯಾಂಡಿನ ‘ಸ್ಟ್ಯಾಂಡ್!’ ಆಲ್ಬಮ್ ಕೇಳಿ ತುಂಬ ಖುಷಿಯಾಯಿತು. ಅದೇ ಉತ್ಸಾಹದಲ್ಲಿ ಹಳೇ ರೆಕಾರ್ಡ್ ಅಂಗಡಿಯಿಂದ ಅವರದೇ ‘ದೇರ್ಸ್ ಎ ರಯಟ್ ಗೋಯಿನ್ ಆನ್’ ತಂದೆ. ಹಾಕಿ ಕೇಳಿದರೆ ಯಾರೋ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ. ಹಿಂದೆ ಉಸ್ಸ್ ಅನ್ನುವ ಸದ್ದು. ದನಿ ಒಮ್ಮೆ ಕಿವಿಯ ಪಕ್ಕದಲ್ಲಿ, ಇನ್ನೊಮ್ಮೆ ಪಕ್ಕದ ಕೋಣೆಯಲ್ಲಿ. ಡ್ರಮ್ಸ್ ಅಂತೂ ಆಟದ ಸಾಮಾನಿನ ಹಾಗೆ ಟಿಕ್ ಟಿಕ್ ಅನ್ನುತ್ತದೆ. ಅದೂ ಸಾಲದು ಅಂತ, ಮೊದಲ ಬದಿಯ ಕೊನೆಯಲ್ಲಿ ಆಲ್ಬಮ್ಮಿನ ಹೆಸರಿನ ಹಾಡೇ ಇಲ್ಲ. ಲೇಬಲ್ಲಿನಲ್ಲಿ ಹೆಸರಿದೆ, ಮುಂದೆ 0:00 ಅಂತ ಹಾಕಿದ್ದಾರೆ. ಅಂಗಡಿಯವರು ‘1971ರ ಒರಿಜಿನಲ್’ ಅನ್ನುತ್ತಾರೆ. ಗೆಳೆಯ ‘ಡೂಪ್ಲಿಕೇಟ್, ಮೋಸ ಹೋದೆ’ ಅನ್ನುತ್ತಾನೆ. ಇನ್ನೊಬ್ಬ ‘ಅವರೆಲ್ಲ ನಶೆಯಲ್ಲಿ ಮಾಡಿದ ಆಲ್ಬಮ್, ಹಾಗೇ ಇರೋದು’ ಅಂದ. ನನ್ನ ನೀಡಲ್ ಹೋಗಿದೆಯಾ? ರೀಮಾಸ್ಟರ್ ಆದದ್ದು ತಗೊಳ್ಳಲಾ? ಡಿಜಿಟಲ್ ಮಾಡಿಕೊಂಡು ಎಐ ಸಾಫ್ಟ್‌ವೇರಿನಲ್ಲಿ ಕ್ಲೀನ್ ಮಾಡಲಾ? ವಾಪಸ್ ಕೊಡುವುದಾದರೆ ಈ ತಿಂಗಳ ಒಳಗೆ ಕೊಡಬೇಕು.

ಉತ್ತರ:

ಮೊದಲು ಸಮಾಧಾನದ ಮಾತು. ನೀವು ಬರೆದ ನಾಲ್ಕೂ ಲಕ್ಷಣಗಳು, ಅಂದರೆ ಮಬ್ಬು, ಉಸ್ಸೆನ್ನುವ ಸದ್ದು, ಟಿಕ್ ಟಿಕ್ ಡ್ರಮ್ಸ್, ಕಾಣೆಯಾದ ಹಾಡು, ಈ ಆಲ್ಬಮ್ಮಿನ ಸರಿಯಾದ ಪ್ರತಿಯಲ್ಲೂ ಇರುತ್ತವೆ. ಹಾಗಂತ ನಿಮ್ಮ ಪ್ರತಿ ಚೆನ್ನಾಗಿದೆ ಅಂತ ಇಲ್ಲಿಂದಲೇ ಹೇಳಲಾರೆ. ಆಲ್ಬಮ್ಮಿನ ಮಬ್ಬಿನ ಮೇಲೆ ನಿಮ್ಮ ನೀಡಲ್ಲಿನ ಮಬ್ಬೂ ಸೇರಿರಬಹುದು. ಯಾವುದು ಸ್ಲೈ ಮಾಡಿದ್ದು, ಯಾವುದು ಧೂಳು ಮಾಡಿದ್ದು ಅಂತ ಬಿಡಿಸಿ ನೋಡುವುದೇ ಇಲ್ಲಿನ ಕೆಲಸ. ಹಳೆಯ ಟೇಪು, ರೆಕಾರ್ಡುಗಳನ್ನು ಡಿಜಿಟಲ್‌ಗೆ ಇಳಿಸುವುದು ನನ್ನ ಕಸುಬು. ಎಷ್ಟೋ ಜನ ಇದನ್ನು ಬಿಡಿಸಿ ನೋಡದೆಯೇ ದುಡ್ಡು ಸುರಿಯುತ್ತಾರೆ.

ಇದು ಹೀಗೇಕೆ ಕೇಳಿಸುತ್ತದೆ ಅಂತ ತಿಳಿಯಬೇಕಾದರೆ ಇದನ್ನು ಮಾಡಿದ ರೀತಿ ಗೊತ್ತಿರಬೇಕು. ಸ್ಲೈ ಸ್ಟೋನ್ ನಿಮ್ಮ ಕಡೆಯವರೇ ಅನ್ನಬಹುದು. ಹುಟ್ಟಿದ್ದು ಟೆಕ್ಸಸ್‌ನ ಡೆಂಟನ್‌ನಲ್ಲಿ, 1943ರಲ್ಲಿ. ಬೆಳೆದದ್ದು ನೀವಿರುವ ಬೇ ಏರಿಯಾದ ಉತ್ತರ ಭಾಗದ ವಲ್ಲೇಹೋದಲ್ಲಿ. ಬ್ಯಾಂಡ್ ಕಟ್ಟುವ ಮೊದಲೇ ಅವರು ರೇಡಿಯೋದಲ್ಲಿ ಡಿಸ್ಕ್ ಜಾಕಿ ಆಗಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಆಟಮ್ ರೆಕಾರ್ಡ್ಸ್ ಅನ್ನುವ ಸಣ್ಣ ಕಂಪನಿಗೆ ಬೇರೆಯವರ ಹಾಡುಗಳನ್ನು ರೆಕಾರ್ಡ್ ಮಾಡಿಸುವ ಪ್ರೊಡ್ಯೂಸರ್ ಕೂಡ ಆಗಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ರೇಡಿಯೋದಲ್ಲಿ ಯಾವ ಹಾಡು ಹೇಗೆ ಕೇಳಿಸುತ್ತದೆ ಅಂತ ಗೊತ್ತಿದ್ದ ಮನುಷ್ಯ ಅದು.

1969ರ ‘ಸ್ಟ್ಯಾಂಡ್!’ ಒಂದು ಬ್ಯಾಂಡಿನ ಆಲ್ಬಮ್. ಸ್ಲೈ ಅವರ ತಮ್ಮ ಫ್ರೆಡ್ಡಿ ಗಿಟಾರಿಗೆ, ತಂಗಿ ರೋಸ್ ಕೀಬೋರ್ಡಿಗೆ, ಲ್ಯಾರಿ ಗ್ರಹಾಂ ಬೇಸ್ ಗಿಟಾರಿಗೆ, ಗ್ರೆಗ್ ಎರಿಕೊ ಡ್ರಮ್ಸಿಗೆ, ಸಿಂಥಿಯಾ ರಾಬಿನ್ಸನ್ ಟ್ರಂಪೆಟ್ಟಿಗೆ, ಜೆರ್ರಿ ಮಾರ್ಟಿನಿ ಸ್ಯಾಕ್ಸೋಫೋನಿಗೆ. ಕಪ್ಪು, ಬಿಳಿ, ಗಂಡು, ಹೆಣ್ಣು ಎಲ್ಲ ಸೇರಿ ನುಡಿಸುತ್ತಿದ್ದ ಬ್ಯಾಂಡು ಆಗಿನ ಅಮೆರಿಕದಲ್ಲಿ ದೊಡ್ಡ ವಿಷಯವಾಗಿತ್ತು. ಜನ ಒಟ್ಟಿಗೆ ಕೂತು ನುಡಿಸಿದ ಸಂಗೀತದ ಗಾಳಿ ಅದರಲ್ಲಿದೆ. ನಿಮಗೆ ಇಷ್ಟವಾದದ್ದು ಅದೇ, ಅಲ್ವಾ?

‘ರಯಟ್’ ಹಾಗಲ್ಲ. 1970ರ ಹೊತ್ತಿಗೆ ಸ್ಲೈ ಲಾಸ್ ಏಂಜಲೀಸ್‌ಗೆ ಹೋಗಿದ್ದರು. ಬೆಲ್ ಏರ್ ಎಂಬ ಸಿರಿವಂತರ ಬಡಾವಣೆಯ ಬಾಡಿಗೆ ಬಂಗಲೆಯಲ್ಲೇ ರೆಕಾರ್ಡಿಂಗ್ ಸಾಮಾನು ಹಾಕಿಸಿಕೊಂಡಿದ್ದರು. ಕಾರ್ಯಕ್ರಮಗಳಿಗೆ ತಡವಾಗಿ ಬರುವುದು, ಬರದೇ ಇರುವುದು ಮಾಮೂಲಾಗಿತ್ತು. ಹೊಸ ಆಲ್ಬಮ್ ಬರಲಿಲ್ಲ ಅಂತ ಅವರ ರೆಕಾರ್ಡ್ ಕಂಪನಿ ಎಪಿಕ್ ಕಾದು ಕಾದು, ಆ ವರ್ಷ ಹಳೆಯ ಹಾಡುಗಳನ್ನೇ ಸೇರಿಸಿ ‘ಗ್ರೇಟೆಸ್ಟ್ ಹಿಟ್ಸ್’ ಹೊರತಂದಿತು. ಬ್ಯಾಂಡಿನವರು ಒಬ್ಬೊಬ್ಬರೇ ಬಂದು ತಮ್ಮ ಭಾಗ ನುಡಿಸಿ ಹೋಗುತ್ತಿದ್ದರು. ಹೆಚ್ಚಿನ ವಾದ್ಯಗಳನ್ನು ಸ್ಲೈ ತಾವೇ ನುಡಿಸಿದರು. ಬಾಬಿ ವೊಮ್ಯಾಕ್, ಬಿಲ್ಲಿ ಪ್ರೆಸ್ಟನ್ ಅಂಥ ಹೊರಗಿನವರೂ ಬಂದರು. ‘ಫ್ಯಾಮಿಲಿ ಅಫೇರ್’ ಹಾಡಿನಲ್ಲಿ ಕೇಳುವ ಎಲೆಕ್ಟ್ರಿಕ್ ಪಿಯಾನೋ ಪ್ರೆಸ್ಟನ್ ಅವರದ್ದು. ಡ್ರಮ್ಮರ್ ಎರಿಕೊ 1971ರಲ್ಲಿ ಬ್ಯಾಂಡ್ ಬಿಟ್ಟರು. ಆಲ್ಬಮ್ ಬಂದದ್ದು ಆ ವರ್ಷದ ನವೆಂಬರಿನಲ್ಲಿ.

ಒಟ್ಟಿಗೆ ಕೂತು ನುಡಿಸದೆ ಒಬ್ಬೊಬ್ಬರೇ ನುಡಿಸಿದರೆ ಅದನ್ನು ಜೋಡಿಸುವುದು ಟೇಪಿನ ಮೇಲೆ. ನಮ್ಮ ಭಾಷೆಯಲ್ಲಿ ಇದಕ್ಕೆ ಓವರ್‌ಡಬ್ ಅನ್ನುತ್ತೇವೆ. ಮೊದಲೇ ರೆಕಾರ್ಡ್ ಆದದ್ದನ್ನು ಕೇಳುತ್ತಾ ಇನ್ನೊಂದು ಟ್ರ್ಯಾಕಿನಲ್ಲಿ, ಅಂದರೆ ಅದೇ ಟೇಪಿನ ಪಕ್ಕದ ಸಾಲಿನಲ್ಲಿ, ಹೊಸದನ್ನು ತುಂಬುವುದು. ಸ್ಲೈ ತುಂಬಿದರು, ಅಳಿಸಿದರು, ಮತ್ತೆ ತುಂಬಿದರು. ಇದು ತಿಂಗಳುಗಟ್ಟಲೆ ನಡೆಯಿತು. ಮನೆಗೆ ಬಂದ ಹೆಂಗಸರನ್ನು ಹಾಡಿಸಿ, ಅವರು ಹೋದ ಮೇಲೆ ಆ ದನಿ ಅಳಿಸಿಬಿಡುತ್ತಿದ್ದರು ಅನ್ನುವ ಕಥೆಯನ್ನು ಜೊತೆಗಿದ್ದವರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಟೇಪು ಸವೆದದ್ದಂತೂ ನಿಜ. ಅದು ಕಿವಿಗೇ ಕೇಳಿಸುತ್ತದೆ.

ಸವೆದ ಟೇಪಿನಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗಕ್ಕೆ ಉತ್ತರ ಇಲ್ಲೇ ಇದೆ.

ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡ್ ಪುಡಿ. ಅದು ಮಷೀನಿನ ಹೆಡ್ಡಿಗೆ, ಅಂದರೆ ಸದ್ದನ್ನು ಟೇಪಿಗೆ ಬರೆಯುವ, ಓದುವ ಭಾಗಕ್ಕೆ, ಒತ್ತಿಕೊಂಡು ಓಡುತ್ತದೆ. ಸ್ಟುಡಿಯೋದ ಸಾಮಾನ್ಯ ವೇಗ ಸೆಕೆಂಡಿಗೆ 15 ಇಂಚು. ಆ ವೇಗದಲ್ಲಿ 100 ಹರ್ಟ್ಸ್‌ನ (ಸೆಕೆಂಡಿಗೆ 100 ಅಲೆ) ಬೇಸ್ ಸ್ವರದ ಒಂದು ಅಲೆ ಟೇಪಿನ ಮೇಲೆ ಹೆಚ್ಚುಕಡಿಮೆ 4 ಮಿಲಿಮೀಟರ್ ಜಾಗ ಹಿಡಿಯುತ್ತದೆ. 15,000 ಹರ್ಟ್ಸ್‌ನ ತೀಕ್ಷ್ಣ ಸದ್ದಿನ ಅಲೆಗೆ ಸಿಗುವುದು 0.025 ಮಿಲಿಮೀಟರ್ ಮಾತ್ರ. ಅಷ್ಟು ಚಿಕ್ಕ ಅಲೆ ಪುಡಿಯ ಮೇಲ್ಪದರದಲ್ಲೇ ಕೂತಿರುತ್ತದೆ. ಟೇಪು ಓಡಿದಷ್ಟೂ ಆ ಮೇಲ್ಪದರ ಸವೆಯುತ್ತದೆ. ಉದುರಿದ ಪುಡಿ ಹೆಡ್ಡಿಗೆ ಅಂಟಿ, ಟೇಪಿಗೂ ಹೆಡ್ಡಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಬಿಡುತ್ತದೆ. ಆ ಸಂದು ಒಂದು ಮಿಲಿಮೀಟರಿನ 200ನೇ ಒಂದು ಭಾಗ ಇದ್ದರೂ ಸಾಕು, 15,000 ಹರ್ಟ್ಸ್‌ನ ಸದ್ದು ಸುಮಾರು 11 ಡೆಸಿಬೆಲ್ ಬಿದ್ದುಹೋಗುತ್ತದೆ. ಅದೇ ಸಂದಿನಿಂದ 100 ಹರ್ಟ್ಸ್‌ನ ಬೇಸಿಗೆ ಏನೂ ಆಗುವುದಿಲ್ಲ.

ನೀವು ಕೇಳಿದ ಕಂಬಳಿ ಇದೇ. ಬೇಸ್ ದಪ್ಪಗೆ, ಹತ್ತಿರ ಇರುತ್ತದೆ. ದನಿಯಲ್ಲಿನ ಸ, ಶ, ತ ಅಕ್ಷರಗಳ ಮೊನೆ ಹೋಗಿರುತ್ತದೆ. ಯಾವುದನ್ನು ಮೊದಲೇ ರೆಕಾರ್ಡ್ ಮಾಡಿದ್ದಾರೋ ಅದು ಜಾಸ್ತಿ ಸವೆದಿರುತ್ತದೆ. ಕೊನೆಯಲ್ಲಿ ಸೇರಿಸಿದ್ದು ಹೊಸದಾಗಿ, ಮುಂದೆ ಕೇಳುತ್ತದೆ. ಒಂದೇ ಹಾಡಿನಲ್ಲಿ ಒಂದು ದನಿ ಕಿವಿಯ ಪಕ್ಕದಲ್ಲಿ, ಇನ್ನೊಂದು ಪಕ್ಕದ ಕೋಣೆಯಲ್ಲಿ ಅಂತ ನೀವು ಬರೆದಿದ್ದೀರಲ್ಲ, ಅದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ ಹಾಡಿದ ರೀತಿಯಲ್ಲೇ ಇದೆ. ‘ಸ್ಟ್ಯಾಂಡ್!’ನಲ್ಲಿ ಕೂಗಿ ಕರೆಯುವ ಗಾಯಕ ಇಲ್ಲಿ ಗೊಣಗುತ್ತಾರೆ, ಪಿಸುಗುಡುತ್ತಾರೆ, ನಡುವೆ ಒಮ್ಮೆಲೇ ಕಿರುಚುತ್ತಾರೆ.

ಇನ್ನು ಉಸ್ಸೆನ್ನುವ ಸದ್ದು. ಯಾವ ಟೇಪಿಗೂ ತನ್ನದೇ ಆದ ಹಿಸ್ ಇರುತ್ತದೆ. ಟ್ರ್ಯಾಕುಗಳು ಸಾಲದೇ ಹೋದಾಗ ನಾಲ್ಕಾರು ಟ್ರ್ಯಾಕುಗಳನ್ನು ಒಂದಕ್ಕೆ ಇಳಿಸಿ ಜಾಗ ಮಾಡಿಕೊಳ್ಳುವುದು ಆಗಿನ ರೂಢಿ. ಹಾಗೆ ಒಮ್ಮೆ ಇಳಿಸಿದರೆ ಹಳೆಯ ಹಿಸ್ಸಿನ ಮೇಲೆ ಅಷ್ಟೇ ಹೊಸ ಹಿಸ್ ಕೂತು, ಸುಮಾರು 3 ಡೆಸಿಬೆಲ್ ಏರುತ್ತದೆ. ಮೆಲ್ಲಗೆ ಹಾಡಿದ ದನಿಯನ್ನು ಮಿಕ್ಸಿಂಗಿನಲ್ಲಿ ಎತ್ತಿದರೆ ಅದರ ಹಿಂದಿನ ಹಿಸ್ಸೂ ಎದ್ದು ಬರುತ್ತದೆ. ಇದರಲ್ಲಿ ನಿಮ್ಮ ರೆಕಾರ್ಡಿನ ತಪ್ಪೇನೂ ಇಲ್ಲ.

ಡ್ರಮ್ಸಿನ ವಿಷಯಕ್ಕೆ ಬರೋಣ. ನಿಮಗೆ ಆಟದ ಸಾಮಾನು ಅನಿಸಿದ್ದರಲ್ಲಿ ತಪ್ಪಿಲ್ಲ. ಅದು ಮೇಸ್ಟ್ರೋ ರಿದಮ್ ಕಿಂಗ್ ಎಂಬ ಪೆಟ್ಟಿಗೆ. ಮನೆಯಲ್ಲೋ ಹೋಟೆಲಿನಲ್ಲೋ ಒಬ್ಬರೇ ಆರ್ಗನ್ ನುಡಿಸುವವರಿಗೆ ತಾಳ ಕೊಡಲಿಕ್ಕೆ ಮಾಡಿದ್ದು. ಗುಂಡಿ ಒತ್ತಿದರೆ ಸಾಂಬಾ, ಇನ್ನೊಂದು ಒತ್ತಿದರೆ ವಾಲ್ಟ್ಸ್. ನಮ್ಮಲ್ಲಿ ಕಛೇರಿಗೆ ತಂಬೂರಿ ಪೆಟ್ಟಿಗೆ, ತಾಳದ ಪೆಟ್ಟಿಗೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರಲ್ಲ, ಆ ಜಾತಿಯ ಸಾಮಾನು. ದೊಡ್ಡ ಸಂಗೀತಗಾರರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಸ್ಲೈ ಅದನ್ನೇ ಆಲ್ಬಮ್ಮಿನ ಬೆನ್ನೆಲುಬು ಮಾಡಿಕೊಂಡರು. ಕೆಲವು ಕಡೆ ಅದರ ಮೇಲೆ ನಿಜವಾದ ಡ್ರಮ್ಸ್ ಸೇರಿಸಿದರು. ‘ಟೈಮ್’ ಹಾಡಿನಲ್ಲಿ ಪೆಟ್ಟಿಗೆ ಮರೆಯಿಲ್ಲದೆ ಕೇಳುತ್ತದೆ. ‘ಫ್ಯಾಮಿಲಿ ಅಫೇರ್’ ಅದೇ ಟಿಕ್ ಟಿಕ್ ಇಟ್ಟುಕೊಂಡೇ 1971ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಡ್ರಮ್ ಮಷೀನ್ ಬಳಸಿ ಅಷ್ಟು ಮೇಲೆ ಹೋದ ಮೊಟ್ಟಮೊದಲ ಹಾಡುಗಳಲ್ಲಿ ಅದೂ ಒಂದು. ಈಗಿನ ಹಾಡುಗಳಲ್ಲಿ ಮಷೀನ್ ತಾಳ ನಮಗೆ ಎಷ್ಟು ಸಹಜವಾಗಿದೆ ಅಂದರೆ, ಆಗ ಅದು ಕೇಳಿದವರಿಗೆ ಎಷ್ಟು ವಿಚಿತ್ರವಾಗಿತ್ತು ಅಂತ ಊಹಿಸುವುದೂ ಕಷ್ಟ.

ಕಾಣೆಯಾದ ಹಾಡಿನ ಬಗ್ಗೆ ಚಿಂತೆ ಬೇಡ. ಅದು ಯಾವ ಪ್ರತಿಯಲ್ಲೂ ಇಲ್ಲ. ಆಲ್ಬಮ್ಮಿನ ಹೆಸರಿನ ಹಾಡಿಗೆ 0:00 ಸಮಯ ಕೊಟ್ಟು ಖಾಲಿ ಬಿಟ್ಟಿದ್ದಾರೆ. ಸಿಡಿಯಲ್ಲಾದರೆ ಕೆಲವು ಸೆಕೆಂಡು ಮೌನ, ಅಷ್ಟೇ. ಇದರ ಸುತ್ತ ಒಂದು ಕಥೆ ಬಹಳ ವರ್ಷ ಓಡಾಡಿತು. ‘ರಯಟ್’ ಅಂದರೆ ಗಲಭೆ. 1970ರ ಜುಲೈ 27ರಂದು ಶಿಕಾಗೋದ ಗ್ರ್ಯಾಂಟ್ ಪಾರ್ಕಿನಲ್ಲಿ ಈ ಬ್ಯಾಂಡಿನ ಉಚಿತ ಕಾರ್ಯಕ್ರಮ ಇತ್ತು. ಅವರು ವೇದಿಕೆಗೆ ಬರುವ ಮೊದಲೇ ಗಲಭೆ ಎದ್ದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಆಲ್ಬಮ್ಮಿನ ಹೆಸರೂ ಆ ಖಾಲಿ ಹಾಡೂ ಆ ಗಲಭೆಯ ಬಗ್ಗೆಯೇ ಅಂತ ಹಲವರು ಬರೆದರು. ಸ್ಲೈ ತಾವೇ 1990ರ ದಶಕದಲ್ಲಿ ಬೇರೆ ಕಾರಣ ಕೊಟ್ಟರು. ಗಲಭೆಗಳೇ ಇರಬಾರದು ಅನಿಸಿದ್ದಕ್ಕೆ ಆ ಹಾಡಿಗೆ ಸಮಯವನ್ನೇ ಕೊಡಲಿಲ್ಲ ಅಂತ. ತಮಾಷೆಯೋ, ಗಂಭೀರವೋ, ನಿಮ್ಮ ರೆಕಾರ್ಡಿನಲ್ಲಿ ಏನೂ ಬಿಟ್ಟುಹೋಗಿಲ್ಲ.

ಇನ್ನು ನಿಮ್ಮ ಎರಡನೇ ಗೆಳೆಯರ ಮಾತು. ಆ ಬಂಗಲೆಯಲ್ಲಿ ಕೊಕೇನ್ ಮತ್ತಿತರ ಮಾದಕ ವಸ್ತುಗಳು ಧಾರಾಳವಾಗಿದ್ದವು ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸ್ಲೈ ಮುಂದೆ ದಶಕಗಳ ಕಾಲ ಅದರಿಂದ ನರಳಿದರು. ಅದನ್ನು ಮುಚ್ಚಿಡುವುದೂ ಬೇಡ, ರಮ್ಯವಾಗಿ ಹೇಳುವುದೂ ಬೇಡ. ಆದರೆ ‘ನಶೆಯಲ್ಲಿದ್ದರು, ಅದಕ್ಕೇ ಸದ್ದು ಹಾಳಾಯಿತು’ ಅನ್ನುವುದು ಸುಲಭದ ಉತ್ತರ. ಸುಲಭದ ಉತ್ತರ ಸುಮ್ನೆ ನಂಬಬೇಡಿ. ನನ್ನ ಬಳಿ ಇದಕ್ಕೆ ಒಂದು ಸಾಕ್ಷಿ ಇದೆ. ಎರಡು ವರ್ಷದ ನಂತರ, 1973ರಲ್ಲಿ ಬಂದ ‘ಫ್ರೆಶ್’ ಆಲ್ಬಮ್ ಕೇಳಿ. ಅದೇ ಸ್ಲೈ, ಅದೇ ಓವರ್‌ಡಬ್ ಹುಚ್ಚು, ಅಲ್ಲೂ ಡ್ರಮ್ ಮಷೀನ್ ಇದೆ, ಅದರ ಮೇಲೆ ಆಂಡಿ ನ್ಯೂಮಾರ್ಕ್ ಎಂಬ ಡ್ರಮ್ಮರ್ ನುಡಿಸಿದ್ದಾರೆ. ಸದ್ದು ಮಾತ್ರ ಸ್ವಚ್ಛ, ಒಂದೊಂದು ಪೆಟ್ಟೂ ಎಣಿಸಬಹುದು. ನಶೆ ಆಗಲೂ ಇತ್ತು. ಅಂದಮೇಲೆ ‘ರಯಟ್’ನ ಮಬ್ಬಿಗೆ ಬರೀ ನಶೆಯೇ ಕಾರಣ ಅಂತ ಹೇಗೆ ಹೇಳುವುದು?

ಹಾಗಾದರೆ ಬೇಕಂತಲೇ ಮಾಡಿದ್ದಾ? ಪೂರ್ತಿ ಹಾಗೂ ಅಲ್ಲ ಅಂತ ನನಗನಿಸುತ್ತದೆ. ಟೇಪು ಸವೆಯಲಿ ಅಂತ ಯಾರೂ ಓಡಿಸುವುದಿಲ್ಲ. ಆದರೆ ಸವೆದದ್ದು ಗೊತ್ತಾಗದಷ್ಟು ದಡ್ಡ ಕಿವಿಯೂ ಅವರದ್ದಲ್ಲ, ರೇಡಿಯೋ ನಡೆಸಿದವರು. ಕೊನೆಗೆ ಕೇಳಿ, ಇದೇ ಸರಿ ಅಂತ ಹೊರಗೆ ಬಿಟ್ಟರು. ಎರಡನೇ ಬದಿಯ ಕೊನೆಯ ಹಾಡನ್ನು ಗಮನಿಸಿ. 1970ರ ಆರಂಭದಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದ ‘ಥ್ಯಾಂಕ್ ಯೂ’ ಎಂಬ ತಮ್ಮದೇ ಕುಣಿಸುವ ಹಾಡನ್ನು ಅಲ್ಲಿ ತುಂಬ ನಿಧಾನ ಮಾಡಿ, ಏಳು ನಿಮಿಷ ಎಳೆದಿದ್ದಾರೆ. ಗೆದ್ದ ಹಾಡನ್ನು ಹೀಗೆ ಮಂದ ಮಾಡಿ ಮತ್ತೆ ಹಾಡುವವರಿಗೆ ತಾವೇನು ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಅರವತ್ತರ ದಶಕದ ಆಸೆಗಳೆಲ್ಲ ಬಾಡಿದ ಹೊತ್ತಿನ ಆಲ್ಬಮ್ ಇದು. ಸ್ವಚ್ಛವಾಗಿ ಕೇಳಿದ್ದರೆ ಇಷ್ಟು ನಂಬಿಕೆ ಬರುತ್ತಿರಲಿಲ್ಲ. ಮೊದಲು ವಿಮರ್ಶಕರಲ್ಲೂ ಎಲ್ಲರಿಗೂ ಹಿಡಿಸಲಿಲ್ಲ, ಆದರೂ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಜಾಝ್‌ನವರೂ ಕಿವಿಗೊಟ್ಟರು. ಹರ್ಬಿ ಹ್ಯಾನ್‌ಕಾಕ್ 1973ರ ‘ಹೆಡ್ ಹಂಟರ್ಸ್’ ಆಲ್ಬಮ್ಮಿನ ಒಂದು ರಚನೆಗೆ ‘ಸ್ಲೈ’ ಅಂತಲೇ ಹೆಸರಿಟ್ಟರು.

ಇಷ್ಟು ಆಲ್ಬಮ್ಮಿನ ಪಾಲು. ಈಗ ನಿಮ್ಮ ಪ್ರತಿ ಮತ್ತು ನಿಮ್ಮ ಮಷೀನಿನ ಪಾಲು ನೋಡೋಣ. ಇದಕ್ಕೆ ದುಬಾರಿ ಉಪಕರಣ ಬೇಡ, ಕಿವಿ ಸಾಕು.

ಎರಡು ಹಾಡುಗಳ ನಡುವಿನ ಖಾಲಿ ಜಾಗವನ್ನು ಕೇಳಿ. ಆ ಕಾಲದ ಮಾಸ್ಟರ್ ಟೇಪಿನಲ್ಲಿ, ಅಂದರೆ ಎಲ್‌ಪಿ ಕೊರೆಯಲು ಬಳಸುವ ಕೊನೆಯ ಟೇಪಿನಲ್ಲಿ, ಹಾಡುಗಳ ನಡುವೆ ಆಕ್ಸೈಡ್ ಇಲ್ಲದ ಬರೀ ಪಟ್ಟಿ ಅಂಟಿಸುವುದು ರೂಢಿ. ಅಲ್ಲಿ ಟೇಪಿನ ಹಿಸ್ ಇರುವುದಿಲ್ಲ. ಖಾಲಿ ಜಾಗದಲ್ಲಿ ಉಸ್ಸ್ ನಿಂತು, ಹಾಡು ಶುರುವಾಗುವಾಗ ಅದರ ಜೊತೆಗೇ ಬಂದರೆ ಅದು ಟೇಪಿನದು, ಬಿಟ್ಟುಬಿಡಿ. ಖಾಲಿ ಜಾಗದಲ್ಲೂ ಅಷ್ಟೇ ಜೋರಾಗಿ ಉಳಿದರೆ ಸವೆದ ಗ್ರೂವ್ (ನೀಡಲ್ ಓಡುವ ಗೆರೆ) ಅಥವಾ ನೀಡಲ್ಲಿನ ಸಣ್ಣ ಸದ್ದನ್ನು ಏರಿಸುವ ನಿಮ್ಮ ಫೋನೋ ಆಂಪ್ಲಿಫೈಯರ್ ಕಾರಣ. ನೀಡಲ್ ಎತ್ತಿಟ್ಟರೂ ಸದ್ದು ಹಾಗೇ ಇದ್ದರೆ ಆಂಪ್ಲಿಫೈಯರ್ ಅಂತ ಖಾತ್ರಿ. ಇನ್ನು ಟಪ್ ಟಪ್ ಅನ್ನುವುದು 1.8 ಸೆಕೆಂಡಿಗೆ ಒಮ್ಮೆ ಲೆಕ್ಕದಂತೆ ಬಂದರೆ ಅದು ಗೀರು. ಎಲ್‌ಪಿ ಒಂದು ಸುತ್ತು ಸುತ್ತಲು ಅಷ್ಟೇ ಹೊತ್ತು ಬೇಕು. ಲೆಕ್ಕವಿಲ್ಲದೆ ಚಟಪಟ ಅಂದರೆ ಧೂಳು.

ಮಬ್ಬಿಗೆ ಇನ್ನೊಂದು ಪರೀಕ್ಷೆ. ಎರಡನೇ ಬದಿಯ ‘ರನ್ನಿಂಗ್ ಅವೇ’ ಹಾಕಿ. ಈ ಆಲ್ಬಮ್ಮಿನಲ್ಲಿ ಸ್ವಲ್ಪ ಬೆಳಕಿರುವ ಹಾಡು ಅದು. ಅದರ ಟ್ರಂಪೆಟ್ ಮೊನೆಯಾಗಿ, ಮುಂದೆ ಬಂದು ಕೇಳಬೇಕು. ಫೋನಿನಲ್ಲಿ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಕೇಳಿ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ನಿಮ್ಮ ಪ್ರತಿಗೂ ನೀಡಲ್ಲಿಗೂ ದೋಷ ಇಲ್ಲ. ಫೋನಿನಲ್ಲಿ ಟ್ರಂಪೆಟ್ ಹೊಳೆದು, ರೆಕಾರ್ಡಿನಲ್ಲಿ ಅದೂ ಕಂಬಳಿಯೊಳಗೇ ಇದ್ದರೆ ಆಮೇಲೆ ‘ಸ್ಟ್ಯಾಂಡ್!’ ಎಲ್‌ಪಿ ಹಾಕಿ. ಅದೂ ಮಬ್ಬಾದರೆ ನೀಡಲ್. ಅದು ಸರಿಯಿದ್ದು ಇದು ಮಾತ್ರ ಮಬ್ಬಾದರೆ, ಹಿಂದಿನ ಯಜಮಾನರು ಸವೆದ ನೀಡಲ್ಲಿನಿಂದ ಇದನ್ನು ಉಜ್ಜಿರುತ್ತಾರೆ. ಹಾಗೆ ಹೋದ ಗ್ರೂವ್ ಮತ್ತೆ ಬರುವುದಿಲ್ಲ.

ಈ ಹೋಲಿಕೆಗೆ ಬದಿಯ ಕೊನೆಯ ಉದ್ದ ಹಾಡುಗಳನ್ನು ಆರಿಸಬೇಡಿ. ಈ ಎಲ್‌ಪಿಯ ಒಂದೊಂದು ಬದಿಯೂ ಸುಮಾರು 24 ನಿಮಿಷ ಇದೆ. ಬೇಸ್ ಜಾಸ್ತಿ ಇರುವ ಸಂಗೀತಕ್ಕೆ 20 ನಿಮಿಷದೊಳಗಿದ್ದರೆ ಒಳ್ಳೆಯದು. ಉದ್ದ ಆದಷ್ಟೂ ಗ್ರೂವುಗಳನ್ನು ಒತ್ತೊತ್ತಾಗಿ, ಸದ್ದು ತಗ್ಗಿಸಿ ಕೊರೆಯಬೇಕು. ಜೊತೆಗೆ ಒಳಗೆ ಹೋದಂತೆ ಗ್ರೂವಿನ ವೇಗ ಇಳಿಯುತ್ತದೆ. ಹೊರ ಅಂಚಿನಲ್ಲಿ ನೀಡಲ್ಲಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹಾದುಹೋದರೆ, ಒಳ ತುದಿಯಲ್ಲಿ 21 ಸೆಂಟಿಮೀಟರ್ ಮಾತ್ರ. ಹಾಗಾಗಿ ಒಳಗಿನ ಹಾಡುಗಳು ಯಾವ ಎಲ್‌ಪಿಯಲ್ಲೂ ಸ್ವಲ್ಪ ಮಂದವೇ. ಇಲ್ಲಿ ಎರಡೂ ಬದಿಯ ಅತಿ ಉದ್ದದ ಹಾಡುಗಳು ಅದೇ ಜಾಗದಲ್ಲಿ ಕೂತಿವೆ.

ಒರಿಜಿನಲ್ಲಾ, ಡೂಪ್ಲಿಕೇಟಾ? 1971ರ ಅಮೆರಿಕನ್ ಪ್ರತಿಗೆ ಎಪಿಕ್ ಕಂಪನಿಯ ಹಳದಿ ಲೇಬಲ್, ಕೆಇ 30986 ಎಂಬ ಸಂಖ್ಯೆ ಇರುತ್ತದೆ. ಲೇಬಲ್ಲಿನ ಪಕ್ಕದ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆ ಲೇಬಲ್ಲಿನ ಮೇಲೆ ಪ್ರತಿ ಬದಿಗೂ ಅಚ್ಚಾದ ಸಂಖ್ಯೆಯ ಜೊತೆ ಹೊಂದುತ್ತದಾ ನೋಡಿ. ಹೊದಿಕೆಯ ಮೇಲೆ ಕೆಂಪು, ಬಿಳಿ, ಕಪ್ಪಿನ ಅಮೆರಿಕನ್ ಬಾವುಟ ಇರಬೇಕು. ನೀಲಿಯ ಬದಲು ಕಪ್ಪು, ನಕ್ಷತ್ರಗಳ ಬದಲು ಸೂರ್ಯ. ಅದು ಸ್ಲೈ ಅವರದೇ ಕಲ್ಪನೆ. ವೇದಿಕೆಯ ಫೋಟೋ ಇರುವ ಹೊದಿಕೆ ನಂತರದ ಮರುಮುದ್ರಣದ್ದು, ಅದೂ ಕಳ್ಳ ಪ್ರತಿಯೇನಲ್ಲ. ಲೇಬಲ್ ಬೇರೆ ಬಣ್ಣದ್ದಾದರೆ ಅದೂ ನಂತರದ ಮುದ್ರಣ, ಅಷ್ಟೇ. ‘ಒರಿಜಿನಲ್’ ಅಂತ ಅಂಗಡಿಯವರು ಜಾಸ್ತಿ ದುಡ್ಡು ತಗೊಂಡಿದ್ದರೆ ಮಾತ್ರ ಕೇಳಿ.

ಇನ್ನು ಏನು ಮಾಡಬಹುದು ಅನ್ನುವುದು.

ಮೊದಲು ರೆಕಾರ್ಡ್ ತೊಳೆಯಿರಿ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಇದರಲ್ಲೇ. ಡಿಸ್ಟಿಲ್ಡ್ ನೀರು, ಎರಡು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್, ಗ್ರೂವಿನ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ತೊಳೆದು ಪೂರ್ತಿ ಒಣಗಿಸಿ. ಲೇಬಲ್ ನೆನೆಯಬಾರದು. ಅಂಗಡಿಯ ಕ್ಲೀನರುಗಳಲ್ಲಿ ಸ್ವಲ್ಪ ಆಲ್ಕೋಹಾಲ್ ಇರುತ್ತದೆ, ವಿನೈಲಿಗೆ ಅಷ್ಟು ತೊಂದರೆಯಿಲ್ಲ. ಆದರೆ ಊರಿನ ಮನೆಯಲ್ಲಿ ತಾತನ ಕಾಲದ 78 ಆರ್‌ಪಿಎಂ ಪ್ಲೇಟುಗಳೇನಾದರೂ ಇದ್ದರೆ ಅವಕ್ಕೆ ಆಲ್ಕೋಹಾಲ್ ಮುಟ್ಟಿಸಲೇಬೇಡಿ. ಅವು ಅರಗಿನವು, ಕರಗಿಹೋಗುತ್ತವೆ. ರಜೆಗೆ ಬಂದವರು ‘ಅಮೆರಿಕದಿಂದ ತಂದ ಕ್ಲೀನರ್’ ಹಚ್ಚಿ ಒಳ್ಳೊಳ್ಳೆಯ ಪ್ಲೇಟು ಕಳೆದುಕೊಂಡದ್ದನ್ನು ನೋಡಿದ್ದೇನೆ.

ನೀಡಲ್ ಎಷ್ಟು ಹಳೆಯದು ಅಂತ ಗೊತ್ತಿಲ್ಲದಿದ್ದರೆ ಬದಲಿಸಿ. ಸಾಧಾರಣ ನೀಡಲ್ಲಿನ ಆಯುಷ್ಯ 500ರಿಂದ 1000 ಗಂಟೆ. ನೀಡಲ್ ರೆಕಾರ್ಡಿನ ಮೇಲೆ ಒತ್ತುವ ತೂಕವನ್ನು ಕಂಪನಿ ಹೇಳಿದ ಮಿತಿಯೊಳಗೇ ಇಡಿ. ‘ಹಗುರ ಇಟ್ಟರೆ ರೆಕಾರ್ಡ್ ಸವೆಯುವುದಿಲ್ಲ’ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ತೀರಾ ಹಗುರವಾದ ನೀಡಲ್ ಗ್ರೂವಿನಲ್ಲಿ ಕುಣಿದು ಗೋಡೆಗಳಿಗೆ ಹೊಡೆಯುತ್ತದೆ. ಭಾರಕ್ಕಿಂತ ಅದರಿಂದಲೇ ಹೆಚ್ಚು ಹಾನಿ.

ಟ್ರೆಬಲ್ ಏರಿಸುವುದು ತಪ್ಪೇನಲ್ಲ. ಸ್ವಲ್ಪ ಏರಿಸಿದರೆ ದನಿ ಬಿಡಿಸಿಕೊಳ್ಳುತ್ತದೆ. ಜಾಸ್ತಿ ಏರಿಸಿದರೆ ಟೇಪಿನಲ್ಲಿ ಇಲ್ಲದ ಸದ್ದು ಬರುವುದಿಲ್ಲ, ಇರುವ ಹಿಸ್ ಮಾತ್ರ ಬರುತ್ತದೆ. ನಾನಾದರೆ ಟ್ರೆಬಲ್ ಮುಟ್ಟದೆ ಬೇಸ್ ಒಂಚೂರು ಇಳಿಸುತ್ತೇನೆ. ಕೋಣೆಯ ಮೂಲೆಯಲ್ಲಿ ಸ್ಪೀಕರ್ ಇದ್ದರೆ ಗೋಡೆಯಿಂದ ಒಂದೆರಡು ಅಡಿ ಮುಂದೆ ತನ್ನಿ. ಮೂಲೆ ಬೇಸನ್ನು ಉಬ್ಬಿಸುತ್ತದೆ. ಮೊದಲೇ ಬೇಸ್ ತುಂಬಿರುವ ಈ ಆಲ್ಬಮ್ಮಿಗೆ ಅದು ಇನ್ನೊಂದು ಕಂಬಳಿ.

ಎಐ ಸಾಫ್ಟ್‌ವೇರ್ ಬಗ್ಗೆ ಎಚ್ಚರ. ಧೂಳಿನ ಚಟಪಟ ತೆಗೆಯಲು ಅವು ಚೆನ್ನಾಗಿವೆ, ನಾನೂ ಬಳಸುತ್ತೇನೆ. ಹಿಸ್ ತೆಗೆಯಲು ಹೋದರೆ ಈ ಆಲ್ಬಮ್ಮಿನಲ್ಲಿ ವಿಶೇಷವಾದ ಅಪಾಯ ಇದೆ. ಆ ಕಾಲದ ರಿದಮ್ ಪೆಟ್ಟಿಗೆಗಳಲ್ಲಿ ಸಿಂಬಲ್, ಮರಾಕಾಸ್ (ಗಿಲಕಿ) ಇತ್ಯಾದಿಗಳ ಸದ್ದನ್ನು ಮಾಡುತ್ತಿದ್ದದ್ದೇ ಉಸ್ಸೆನ್ನುವ ಸದ್ದನ್ನು ಸೋಸಿ, ಚೂರು ಚೂರಾಗಿ ಕತ್ತರಿಸಿ. ಸಾಫ್ಟ್‌ವೇರಿಗೆ ಟೇಪಿನ ಉಸ್ಸೂ ಪೆಟ್ಟಿಗೆಯ ಟಿಸ್ಸೂ ಒಂದೇ ಥರ ಕಾಣುತ್ತವೆ. ಹಿಸ್ ಹೋಗುವಾಗ ತಾಳವೂ ಹೋಗುತ್ತದೆ. ಪಿಸುದನಿಯ ಉಸಿರೂ ಹೋಗುತ್ತದೆ. ಉಳಿಯುವುದು ನೀರಿನಡಿಯಿಂದ ಹಾಡಿದಂಥದ್ದು. ದನಿ, ಬೇಸ್, ತಾಳ ಬೇರೆ ಬೇರೆ ಮಾಡಿ ಕೊಡುವ ಸಾಫ್ಟ್‌ವೇರುಗಳೂ ಬಂದಿವೆ. ಬೇಸ್ ಕಲಿಯುವವರಿಗೆ ಅವು ಉಪಯೋಗಕ್ಕೆ ಬರುತ್ತವೆ. ಕೇಳುವ ಸುಖಕ್ಕೆ ಅಲ್ಲ.

ರೀಮಾಸ್ಟರ್ ತಗೊಳ್ಳಬೇಕಾ? 2007ರಲ್ಲಿ ಬ್ಯಾಂಡಿನ ಏಳು ಆಲ್ಬಮ್‌ಗಳು ರೀಮಾಸ್ಟರ್ ಆಗಿ ಬಂದವು. ಇದರದ್ದೂ ಚೆನ್ನಾಗಿದೆ, ವಾದ್ಯಗಳು ಸ್ವಲ್ಪ ಬಿಡಿಬಿಡಿಯಾಗಿ ಕೇಳುತ್ತವೆ. ‘ರನ್ನಿಂಗ್ ಅವೇ’ಯ ಮೊನೊ ಆವೃತ್ತಿ ಮತ್ತು ಮೂರು ವಾದ್ಯ ರಚನೆಗಳು ಹೆಚ್ಚುವರಿಯಾಗಿ ಇವೆ. ಆದರೆ ರೀಮಾಸ್ಟರ್ ಅಂದರೆ ಅದೇ ಟೇಪನ್ನು ಮತ್ತೆ ಎಚ್ಚರಿಕೆಯಿಂದ ಓದಿಸುವುದು, ಅಷ್ಟೇ. 1971ರಲ್ಲಿ ಬಂಗಲೆಯ ನೆಲಕ್ಕೆ ಉದುರಿದ ಆಕ್ಸೈಡನ್ನು ಯಾರೂ ಮರಳಿ ತರಲಾರರು. ‘ಹೊಸದಾಗಿ ಹೊಳೆಯುತ್ತದೆ’ ಅನ್ನುವ ಜಾಹೀರಾತು ನೋಡಿ ದುಬಾರಿ ಎಲ್‌ಪಿ ಕೊಂಡರೆ ನಿರಾಸೆ ಆಗುವುದು ಖಂಡಿತ. ಕೊಳ್ಳುವ ಮೊದಲು ಫೋನಿನಲ್ಲಿ ಒಮ್ಮೆ ಕೇಳಿ, ವ್ಯತ್ಯಾಸಕ್ಕೆ ಎಷ್ಟು ದುಡ್ಡು ಕೊಡಬಹುದು ಅಂತ ನೀವೇ ನಿರ್ಧರಿಸಿ.

ಇನ್ನೂ ಒಂದು ಸಲಹೆ. ‘ಸ್ಟ್ಯಾಂಡ್!’ ಕೇಳಿದ ಗುಂಗಿನಲ್ಲೇ ಇದನ್ನು ಹಾಕಬೇಡಿ. ಆ ಜೋರಿಗೆ ಹೊಂದಿಕೊಂಡ ಕಿವಿಗೆ ಇದು ಸಪ್ಪೆ ಅನಿಸುತ್ತದೆ. ರಾತ್ರಿ, ಬೇರೆ ಸದ್ದಿಲ್ಲದಾಗ, ವಾಲ್ಯೂಮ್ ಮಧ್ಯಮದಲ್ಲಿಟ್ಟು ಎರಡನೇ ಬದಿಯಿಂದ ಶುರು ಮಾಡಿ. ದನಿಯ ಹಿಂದೆ ಹೋಗದೆ ಬೇಸ್ ಹಿಡಿದುಕೊಂಡು ಹೋಗಿ. ಕೆಲವು ಕಡೆ ಲ್ಯಾರಿ ಗ್ರಹಾಂ, ಹಲವು ಕಡೆ ಸ್ಲೈ ತಾವೇ ನುಡಿಸಿದ ಬೇಸ್ ಅದು. ಅಷ್ಟಾದರೂ ಹಿಡಿಸದಿದ್ದರೆ ಒತ್ತಾಯ ಇಲ್ಲ. ‘ಫ್ರೆಶ್’ ನಿಮಗೆ ಹೆಚ್ಚು ಒಗ್ಗಬಹುದು.

ವಾಪಸ್ ಕೊಡುವ ವಿಷಯ: ಈ ವಾರಾಂತ್ಯದಲ್ಲೇ ರೆಕಾರ್ಡ್ ತೊಳೆದು ಮೇಲಿನ ಎರಡು ಪರೀಕ್ಷೆ ಮಾಡಿ. ಗೀರಿನ ಟಪ್ ಟಪ್ ಜಾಸ್ತಿ ಇದ್ದರೆ, ಅಥವಾ ‘ಸ್ಟ್ಯಾಂಡ್!’ ಸರಿಯಾಗಿ ಕೇಳಿ ‘ರನ್ನಿಂಗ್ ಅವೇ’ಯ ಟ್ರಂಪೆಟ್ ಮಾತ್ರ ಫೋನಿಗಿಂತ ತೀರಾ ಮಂದ ಇದ್ದರೆ ವಾಪಸ್ ಕೊಟ್ಟು ಬೇರೆ ಪ್ರತಿ ಕೇಳಿ. ಹಾಡಿನ ಜೊತೆ ಬರುವ ಹಿಸ್, ಟಿಕ್ ಟಿಕ್ ತಾಳ, 0:00 ಹಾಡು, ಇವಿಷ್ಟೇ ದೂರಾದರೆ ವಾಪಸ್ ಕೊಡಬೇಡಿ. ಅದರ ಬದಲಿಗೆ ತರುವ ಪ್ರತಿಯಲ್ಲೂ ಇವೇ ಇರುತ್ತವೆ.